ನೋಡೋಣ ಅಂದವರು, ಬರ್ತೀನಿ ಅಂದವಳು

ಜೂನ್ 4, ಗುರುವಾರ

ಅಕ್ಕಾ,

ಸಂಜೆ ಬಂದು ಬಾಗಿಲು ತೆಗೆದರೆ ನಿನ್ನ ಮಂಚದ ಮೇಲೆ ಹಾಸಿಗೆ ಇಲ್ಲ. ಮೊದಲು ಕಳ್ಳರು ಬಂದಿದ್ದಾರೆ ಅಂದುಕೊಂಡೆ. ಕಳ್ಳರು ಭಾರಿ ನ್ಯಾಯವಂತರು, ನಿನ್ನ ಸಾಮಾನು ಮಾತ್ರ ಒಯ್ದಿದ್ದಾರೆ, ನನ್ನ ಹರಕು ಛತ್ರಿ ಕೂಡ ಮುಟ್ಟಿಲ್ಲ. ಕನ್ನಡಿಗೆ ಸಿಕ್ಕಿಸಿದ್ದ ಚೀಟಿ ಆಮೇಲೆ ಕಂಡಿತು. ಒಂದೇ ಪದ. "ಹೋಗ್ತೀನಿ."

ನಮ್ಮ ಮನೇಲಿ ಯಾರಾದರೂ ಆ ಪದ ಅಂದಿದ್ದಾರಾ? ಚಿಕ್ಕವರಿದ್ದಾಗ ಬಾಯಿತಪ್ಪಿ ಅಂದರೆ ಅಜ್ಜಿ ಬಾಯಿಗೇ ಒಂದು ಕೊಟ್ಟು, "ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನು" ಅಂತಿದ್ದರು. ಬೀದಿ ತುದಿಯ ಅಂಗಡಿಗೆ ಹೊರಟರೂ ಬರ್ತೀನಿ, ಪರವೂರಿಗೆ ಹೊರಟರೂ ಬರ್ತೀನಿ. ನೀನು ಹೋಗ್ತೀನಿ ಅಂತ ಬರೆದಿಟ್ಟು ಹೋಗಿದ್ದೀಯ. ನಾನು ಬಾಗಿಲಲ್ಲೇ ಕಂಬದ ಹಾಗೆ ನಿಂತುಬಿಟ್ಟೆ. ಪಕ್ಕದ ಕೋಣೆ ನರ್ಸಮ್ಮ ಬಂದು ಕೈಗೆ ನೀರು ಕೊಟ್ಟಮೇಲೆ ಒಳಗೆ ಬಂದೆ.

ಇಬ್ಬರಿಗೂ ಇದ್ದ ಒಂದು ಫೋನನ್ನೂ ಇಲ್ಲೇ ಬಿಟ್ಟಿದ್ದೀಯ. ನಿಮ್ಮ ಮನೆ ಫೋನು ದೊಡ್ಡಪ್ಪನ ಜೇಬಲ್ಲಿರುತ್ತೆ, ಮಾತಾಡಿದರೆ ಇಡೀ ಬೀದಿಗೆ ಕೇಳೋ ಹಾಗೆ ಸ್ಪೀಕರ್ ಹಾಕ್ತಾರೆ. ಅದಕ್ಕೇ ಕಾಗದ. ಯಾಕೆ ಹೋದೆ? ಕೆಲಸ ಸಿಗದಿದ್ದರೆ ಇಬ್ಬರಿಗೂ ಸಿಕ್ಕಿಲ್ಲ, ಬಾಡಿಗೆ ಕಟ್ಟೋಕೆ ಆಗದಿದ್ದರೆ ಇಬ್ಬರೂ ಓದು ಬಿಟ್ಟು ಒಟ್ಟಿಗೆ ಮೂಟೆ ಕಟ್ಟೋಣ ಅಂತ ತಾನೇ ಮಾತಾಗಿತ್ತು?

ನನ್ನ ಪಾಡೂ ಕೇಳು. ಔಷಧಿ ಅಂಗಡಿಯವನು ಅನುಭವ ಇದೆಯಾ ಅಂದ. ಪುಸ್ತಕದಂಗಡಿಯವಳು ಅನುಭವ ಇದೆಯಾ ಅಂದಳು. ಝೆರಾಕ್ಸ್ ಅಂಗಡಿಯವನಂತೂ ನನ್ನ ಅರ್ಜಿಯನ್ನ ಯಂತ್ರದ ಮೇಲೆ ಇಡೋಕೆ ಮುಂಚೆ ತಿರುಗಿಸಿ ನೋಡಿ, ಅರ್ಧ ಹಾಳೆ ಖಾಲಿಯೇ ಇದೆಯಲ್ಲಮ್ಮ, ಇದಕ್ಕೆ ಯಾಕೆ ಹತ್ತು ಪ್ರತಿ ಅಂದ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಕೆಲಸ ಕೊಡದೆ ಅನುಭವ ಎಲ್ಲಿಂದ ತರೋದು, ಸಂತೆಯಿಂದಲಾ? ಅನುಭವದ ಪ್ರಶ್ನೆ ದಾಟಿದರೆ ಎರಡನೆಯದು ಕಾದಿರುತ್ತೆ: ದಿನವಿಡೀ ಇರ್ತೀಯಾ? ನನಗೆ ಮಧ್ಯಾಹ್ನ ಕ್ಲಾಸು, ನಿನಗೆ ಬೆಳಿಗ್ಗೆ ಕ್ಲಾಸು. ಅರ್ಧ ದಿನದ ಹುಡುಗೀರು ಯಾರಿಗೂ ಬೇಡ.

ಸೋಮವಾರ ಒಂದು ಕನ್ನಡಕದ ಅಂಗಡಿಗೂ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಯಜಮಾನರು ಹಣೆ ಮೇಲೊಂದು, ಮೂಗಿನ ಮೇಲೊಂದು ಕನ್ನಡಕ ಹಾಕಿಕೊಂಡು ಕೂತಿದ್ದರು. ಅನುಭವ ಇದೆಯಾ ಅಂದಾಗ, ಒಂದು ತಿಂಗಳಿಂದ ಅನುಭವಿಸ್ತಾ ಇದ್ದೀನಿ ಸಾರ್ ಅಂದುಬಿಟ್ಟೆ. ನಕ್ಕರು. ಅಷ್ಟರಲ್ಲಿ ಬಂದ ಒಬ್ಬರು ಅಜ್ಜಿ ಯಾವ ಫ್ರೇಮು ಹಾಕಿದರೂ ಗೂಬೆ ಥರ ಕಾಣ್ತೀನಿ ಅಂತ ಕಿತ್ತೆಸೀತಿದ್ದರು. ಗೂಬೆಗೆ ಕತ್ತಲಲ್ಲೂ ಕಾಣುತ್ತೆ ಅಜ್ಜಿ, ನಿಮಗೆ ಹಗಲಲ್ಲೇ ಕಾಣಲ್ಲ, ನೀವೇ ಲೆಕ್ಕ ಹಾಕಿ ಅಂದೆ. ಬಿದ್ದು ಬಿದ್ದು ನಕ್ಕು ತಗೊಂಡು ಹೋದರು. ಇದು ಕೈಗೂಡಿತು ಅಂತ ನಾನು ಹಿಗ್ಗುತ್ತಿರುವಾಗ ಯಜಮಾನರು, "ಸರಿ ಹಾಗಾದರೆ, ನೋಡೋಣ" ಅಂದರು. ಮುಗೀತಲ್ಲ. ನೋಡೋಣ ಅಂದರೆ ಇಲ್ಲ ಅಂತ ಯಾರಿಗೆ ಗೊತ್ತಿಲ್ಲ. ಬರ್ತೀನಿ ಸಾರ್ ಅಂತ ಹೇಳಿ ಎದ್ದು ಬಂದೆ.

ನಮ್ಮಮ್ಮನಿಗೆ ನೀನು ಹೋದ ವಿಷಯ ತಿಳಿಸಿಲ್ಲ. ದೊಡ್ಡಮ್ಮ ಒಂದು ಸಲವೂ ತನ್ನ ಮನೆ ಹೊಸಿಲು ತುಳಿಯಲಿಲ್ಲ ಅಂತ ಮೊದಲೇ ಅವಳಿಗೆ ಮುನಿಸು. ಈಗ ಮಗಳೂ ಕೈಕೊಟ್ಟಳು ಅಂದರೆ ನನ್ನನ್ನ ಕೂರಿಸಿಕೊಂಡು ಎಲ್ಲ ಹಳೇದೂ ಹೇಳ್ತಾಳೆ.

ಬೇಗ ಬರಿ. ಬೈದಾದರೂ ಬರಿ.

ನಿನ್ನ
ಗುಬ್ಬಿ


ಜೂನ್ 5, ಶುಕ್ರವಾರ

ಗುಬ್ಬಿ,

ನೀನಿಲ್ಲದ ಹೊತ್ತು ನೋಡಿ ಹೊರಟೆ. ಎದುರಿಗಿದ್ದರೆ ನೀನು ಅಳ್ತಿದ್ದೆ, ನಿನ್ನ ನೋಡಿ ನಾನು ಅಳ್ತಿದ್ದೆ, ಬಸ್ಸು ತಪ್ಪುತ್ತಿತ್ತು. ಇಲ್ಲಿ ಎಲ್ಲ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೀನಿ. ಉಂಡು ಮಲಗ್ತೀನಿ.

ಯಾಕೆ ಹೊರಟೆ ಅನ್ನೋದು ನಿನಗೆ ತಿಳಿದಿರಲಿ. ಹೇಳಿದ್ದೆನಲ್ಲ, ಮಂಗಳವಾರ ಆ ಕನ್ನಡಕದ ಅಂಗಡಿಗೆ ಹೋಗಿದ್ದೆ; ಅಲ್ಲಿ ಏನಾಯಿತು ಅಂತ ನಿನ್ನೆದುರು ಬಾಯಿಬಿಟ್ಟಿರಲಿಲ್ಲ. ಎರಡೆರಡು ಕನ್ನಡಕ ಹಾಕಿಕೊಂಡ ಯಜಮಾನರು. ಪಾಪ, ಒಳ್ಳೆಯವರು. ಗೋಡೆಗೆ ನೇತುಹಾಕಿದ ಅಕ್ಷರದ ಹಲಗೆ ಓದಿಸಿದರು, ಮೇಲಿನ ಶೆಲ್ಫಿಂದ ಡಬ್ಬಿ ತೆಗೆಸಿದರು. ಅನುಭವ ಇಲ್ಲ ಅಂದೆ. ಅನುಭವ ಕಲಿತರೆ ಬರುತ್ತೆ, ಎತ್ತರ ಕಲಿತರೆ ಬರಲ್ಲ ಅಂದರು. ನಾನು ಸುಳ್ಳು ಹೇಳಲಿಲ್ಲ, ಮಧ್ಯಾಹ್ನದ ಮೇಲೆ ಮಾತ್ರ ಬರೋಕೆ ಆಗುತ್ತೆ ಅಂದೆ. ಅದಕ್ಕೂ ತಲೆ ಆಡಿಸಿದರು. ಕೊನೆಗೆ ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ನಿನ್ನನ್ನೇ ಇಟ್ಟುಕೊಳ್ಳಬಹುದಿತ್ತು ಕಣಮ್ಮ. ಆದರೆ ನಿನ್ನೆ ಒಬ್ಬಳು ಬರ್ತೀನಿ ಅಂತ ಹೇಳಿ ಹೋಗಿದ್ದಾಳೆ. ಮಾತು ಮಾತೇ ತಾನೇ."

ಯಾವ ಪುಣ್ಯಾತಗಿತ್ತಿಯೋ, ಚೆನ್ನಾಗಿರಲಿ. ಒಂದೇ ಒಂದು ದಿನ ಗುಬ್ಬಿ. ಬೀದೀಲಿ ನಿಂತು ಅತ್ತೆ. ಯಾವತ್ತೂ ಬೀದೀಲಿ ಅತ್ತವಳಲ್ಲ ನಾನು.

ಬಂದ ದಿನವೇ ಅಪ್ಪನನ್ನ ಕೇಳಿದೆ, ಕೆಲಸ ಸಿಗಲಿಲ್ಲ, ಓದು ಮುಂದುವರಿಸಲಾ ಅಂತ. ಪೇಪರಿಂದ ತಲೆ ಎತ್ತದೆ "ನೋಡೋಣ" ಅಂದರು. ಅಪ್ಪನ ನೋಡೋಣ ನಿನಗೆ ಗೊತ್ತೇ ಇದೆ. ಇಪ್ಪತ್ತೆರಡಕ್ಕೆ ಕಾಲೇಜು ಶುರು, ಅವತ್ತು ಬಂದು ಟಿ.ಸಿ. ತಗೋತಾರೆ ಅಂದುಕೊಂಡಿದ್ದೀನಿ.

ನೀನು ಬಿಡಬೇಡ. ಇನ್ನೂ ಹತ್ತು ಕಡೆ ಹೋಗು. ಅನುಭವ ಅಂತ ಕೇಳಿದರೆ ಸಂಬಳ ಸಿಕ್ಕಿದ್ದನ್ನೇ ಹೇಳಬೇಕು ಅಂತ ಎಲ್ಲೂ ಇಲ್ಲ. ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದು, ನಮ್ಮಪ್ಪನ ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತಿ ಕೂರಿಸಿದ್ದು, ಎಲ್ಲ ಹೇಳು. ನಿನಗೆ ಬಾಯಿದೆ, ಬದುಕ್ತೀಯ.

ಅಕ್ಕ


ಜೂನ್ 8, ಸೋಮವಾರ

ಗುಬ್ಬಿ,

ನಿನ್ನ ಕಾಗದ ಬಂತು. ಕನ್ನಡಕದ ಅಂಗಡಿ ಅನ್ನೋವರೆಗೂ ನಗ್ತಾ ಓದಿದೆ.

ಆಮೇಲೆ ಎರಡನೇ ಸಲ ಓದಿದೆ. ಮೂರನೇ ಸಲ ಓದಿದೆ. ಅಮ್ಮ ಏನಾಯ್ತೇ ಅಂದಳು. ತಲೆನೋವು ಅಂದೆ.

ಆ ಹುಡುಗಿ ನೀನು.

ಆ ಅಂಗಡಿ ಮುಂದೆ ಕೆಲಸಕ್ಕೆ ಬೇಕಾಗಿದ್ದಾರೆ ಅನ್ನೋ ಬೋರ್ಡು ಮೊದಲು ಕಂಡಿದ್ದು ಯಾರಿಗೆ? ಬಸ್ಸಿನ ಕಿಟಕೀಲಿ ಬಗ್ಗಿ ನಿನಗೆ ತೋರಿಸಿದ್ದು ಯಾರು? ಮಂಗಳವಾರ ಹೋಗಿ ಕೇಳ್ತೀನಿ ಕಣೆ, ದೇವರೇ ಇದೊಂದಾಗಲಿ ಅಂತ ನಿನ್ನ ಕೈ ಹಿಡಿದುಕೊಂಡು ಹೇಳಿದ್ದು ಯಾರು? ನೀನು ಸೋಮವಾರ ಹೋದೆ. ಬೋರ್ಡಿನ ಮಾತು ನಿನ್ನ ಕಾಗದದಲ್ಲಿ ಒಂದಕ್ಷರ ಇಲ್ಲ. "ಒಂದು ಕನ್ನಡಕದ ಅಂಗಡಿ" ಅಂತೆ. ಅಂಥವು ಊರ ತುಂಬ ಇದ್ದ ಹಾಗೆ.

ಅದನ್ನಾದರೂ ನುಂಗಿಕೊಳ್ತಿದ್ದೆ. ಅವರು ನೋಡೋಣ ಅಂದರು ಅಂತ ಕಥೆ ಕಟ್ಟಿದ್ದೀಯಲ್ಲ, ಅದನ್ನ ಹೇಗೆ ನುಂಗಲಿ? ನೀನು ಒಪ್ಪಿ ಹೋಗಿದ್ದೀಯ ಅಂತ ಅವರೇ ನನ್ನೆದುರು ಹೇಳಿದರು. ಇಬ್ಬರಲ್ಲಿ ಒಬ್ಬರದು ಸುಳ್ಳು. ಗುರುತಿಲ್ಲದ ನನ್ನ ಹತ್ತಿರ ಸುಳ್ಳು ಹೇಳಿ ಅವರಿಗೇನು ಬರಬೇಕು?

ಅಜ್ಜಿ ಮನೇಲಿ ಒಂದೇ ತಟ್ಟೇಲಿ ಉಂಡು ಬೆಳೆದವರು ನಾವು. ಕೇಳಿದ್ದರೆ ನಾನೇ ಬಿಟ್ಟುಕೊಡ್ತಿದ್ದೆ. ಬಿಟ್ಟುಕೊಡೋದು ಬೇರೆ, ಕಿತ್ತುಕೊಳ್ಳೋದು ಬೇರೆ.

ಇನ್ನು ಕಾಗದ ಬರೀಬೇಡ.


ಜೂನ್ 8, ಸೋಮವಾರ

ಅಕ್ಕಾ, ಅಕ್ಕಾ,

ನಿನ್ನ ಐದನೇ ತಾರೀಖಿನ ಕಾಗದ ಇವತ್ತು ಬೆಳಿಗ್ಗೆ ಬಂತು. ಓದಿದವಳೇ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ಓಡಿದೆ. ಉತ್ಪ್ರೇಕ್ಷೆ ಅಲ್ಲ, ಅಂಗಡಿ ಮುಟ್ಟಿದಮೇಲೆ ನೋಡಿಕೊಂಡೆ.

ಆ ಪುಣ್ಯಾತಗಿತ್ತಿ ನಾನೇ ಕಣೆ. ಆದರೆ ನಾನು ಒಪ್ಪಿಕೊಂಡೇ ಇರಲಿಲ್ಲ. ನಡೆದದ್ದನ್ನ ಸರಿಯಾಗಿ ಹೇಳ್ತೀನಿ, ಆತುರದಲ್ಲಿ ಬರೀತಿದ್ದೀನಿ, ಅಕ್ಷರ ಸೊಟ್ಟ ಇದ್ದರೆ ಸಹಿಸಿಕೋ.

ನಾನು ಒಳಗೆ ಕಾಲಿಟ್ಟಾಗ ಯಜಮಾನರು ಒಬ್ಬರೇ ಕೂತು ಸಣ್ಣ ಸ್ಕ್ರೂಡ್ರೈವರಲ್ಲಿ ಯಾವುದೋ ಫ್ರೇಮು ಬಿಗೀತಿದ್ದರು. ನನ್ನ ನೋಡಿ ಹಣೆ ಮೇಲಿನ ಕನ್ನಡಕ ಕೆಳಗಿಳಿಸಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಒಂದು ವಾರ ಕಾದೆನಮ್ಮ, ಮೈಗೆ ಹುಷಾರಿಲ್ಲವೇನೋ ಅಂದುಕೊಂಡಿದ್ದೆ ಅಂದರು. ಗೋಡೆ ಪಕ್ಕ ಒಂದು ಹೊಸ ಸ್ಟೂಲು. ನನಗೆ ಅಂತ ತರಿಸಿದ್ದಂತೆ, ಗಿಡ್ಡಕ್ಕಿದ್ದೀನಲ್ಲ, ಮೇಲಿನ ಶೆಲ್ಫು ಎಟುಕಲಿ ಅಂತ.

ನೀವು ನೋಡೋಣ ಅಂದಿರಲ್ಲ ಸಾರ್ ಅಂದೆ.

"ಹೌದು. ನಾಳೆ ನೋಡೋಣ ಅಂದೆ. ನೀನು ಬರ್ತೀನಿ ಅಂದೆ."

ನಾಳೆ ಅನ್ನೋ ಪದ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಅವರು ಅಂದರೋ, ಮನಸ್ಸಲ್ಲೇ ಅಂದುಕೊಂಡರೋ, ಇಬ್ಬರಿಗೂ ಗೊತ್ತಿಲ್ಲ. ನೋಡೋಣ ಅಂದರೆ ಲೋಕವೆಲ್ಲ ಇಲ್ಲ ಅಂತಲೇ ತಿಳ್ಕೊಳ್ಳುತ್ತೆ ಸಾರ್ ಅಂದೆ. ಅವರು ನಿಜವಾಗಿ ಬೆಚ್ಚಿಬಿದ್ದರು. "ನಾನು ಕನ್ನಡಕದವನು ಕಣಮ್ಮ. ನೋಡೋಣ ಅಂದರೆ ನೋಡೋಣ ಅಂತಲೇ." ಹಾಗಾದರೆ ನೀನು ಬರ್ತೀನಿ ಅಂದಿದ್ದು ಏನು ಅಂತ ಕೇಳಿದರು. ಅದು ಹೋಗ್ತೀನಿ ಅನ್ನೋದಕ್ಕೆ ಹೇಳೋದು ಸಾರ್ ಅಂದೆ. ಇಷ್ಟು ವರ್ಷ ವ್ಯಾಪಾರ ಮಾಡಿದ್ದೀನಿ, ಎಷ್ಟು ಜನ ಗಿರಾಕಿಗಳು ಬರ್ತೀನಿ ಅಂದು ಹೋದರು ಅಂತ ತಮ್ಮಷ್ಟಕ್ಕೇ ಗೊಣಗಿದರು.

ಆಮೇಲೆ ಅವರು, ಹೋಗಲಿ ಬಿಡು, ನಾಳೆಯಿಂದ ಕೂತುಕೋ ಅಂದರು.

ಅಕ್ಕಾ, ಒಂದು ಕ್ಷಣ ನನಗೆ ನಿನ್ನ ನೆನಪಾಗಲಿಲ್ಲ. ಸ್ಟೂಲೇ ಕಂಡಿತು. ಮರುಕ್ಷಣ, ಬೀದೀಲಿ ನಿಂತು ಅಳೋ ನೀನು ಕಂಡೆ. ಆಗ ಎಲ್ಲ ಬಾಯಿಬಿಟ್ಟೆ. ಮಂಗಳವಾರ ಬಂದ ಉದ್ದ ಹುಡುಗಿ ನನ್ನ ದೊಡ್ಡಮ್ಮನ ಮಗಳು, ನನ್ನ ಒಂದು ಬರ್ತೀನಿಯಿಂದ ಅವಳು ಓದು ಬಿಟ್ಟು ಊರು ಸೇರಿದ್ದಾಳೆ ಅಂತ. ನನಗೆ ಮಧ್ಯಾಹ್ನ ಕ್ಲಾಸಿದೆ, ಅದನ್ನ ಮುಚ್ಚಿಟ್ಟಿದ್ದೆ ಅಂತಲೂ ಹೇಳಿದೆ. ಅವರ ಹುಬ್ಬು ಎರಡೂ ಕನ್ನಡಕ ದಾಟಿ ಮೇಲಕ್ಕೆ ಹೋಯಿತು. ಬೆಳಿಗ್ಗೆ ನಾನು, ಮಧ್ಯಾಹ್ನದ ಮೇಲೆ ಅವಳು, ಇಬ್ಬರು ಸೇರಿ ಒಬ್ಬಳು ಅಂದುಕೊಳ್ಳಿ ಸಾರ್ ಅಂದೆ.

ಅವರು ಸುಮಾರು ಹೊತ್ತು ಫ್ರೇಮನ್ನೇ ಒರೆಸಿದರು. ಆಮೇಲೆ "ನೋಡೋಣ" ಅಂದರು.

ನನಗೆ ತಡೆಯಲಿಲ್ಲ. ಸಾರ್, ಹೌದೋ ಅಲ್ಲವೋ ಅಂದೆ. "ಹೌದು ಮಾರಾಯ್ತಿ, ಹೌದು. ಇಪ್ಪತ್ತೆರಡರೊಳಗೆ ಅವಳು ಬರಲಿ. ಆಮೇಲೆ ಬೋರ್ಡು ಮತ್ತೆ ಹಾಕ್ತೀನಿ."

ಕೇಳಿದೆಯಾ? ಬಾ ಅಕ್ಕಾ. ದೊಡ್ಡಪ್ಪನಿಗೆ ಏನು ಹೇಳ್ತೀಯೋ ಹೇಳು, ಬಾ.

ಗುಬ್ಬಿ


ಜೂನ್ 12, ಶುಕ್ರವಾರ

ಅಕ್ಕಾ,

ಬರೀಬೇಡ ಅಂದಿದ್ದೀಯ. ಬರೀತಿದ್ದೀನಿ.

ನಿನ್ನ ಕಾಗದ ಅಂಗಡಿಗೆ ಹೋಗೋ ದಾರೀಲಿ ಓದಿದೆ, ಮುಗಿಯೋಷ್ಟರಲ್ಲಿ ಅಂಗಡಿ ದಾಟಿ ಮುಂದಿನ ಸರ್ಕಲ್ಲಿಗೆ ಹೋಗಿದ್ದೆ. ನೀನು ನನ್ನನ್ನ ಸುಳ್ಳಿ ಅಂದಿದ್ದೀಯ. ಬೇರೆ ಯಾರಾದರೂ ಅಂದಿದ್ದರೆ ಜಗಳಕ್ಕೆ ನಿಲ್ತಿದ್ದೆ. ನೀನು ಅಂದಿದ್ದಕ್ಕೆ ಏನು ಮಾಡಬೇಕು ಅಂತಲೇ ತಿಳೀಲಿಲ್ಲ.

ಬೋರ್ಡಿನ ಮಾತು ನಿಜ. ನೀನು ತೋರಿಸಿದ್ದೂ ನಿಜ, ಕೈ ಹಿಡಿದದ್ದೂ ನಿಜ. ನೀನು ಹೋದರೆ ನಿನಗೇ ಸಿಗುತ್ತೆ ಅಂತ ಗೊತ್ತಿತ್ತು. ಎಲ್ಲ ಕಡೆಯೂ ಮೊದಲು ನಿನ್ನನ್ನ ನೋಡ್ತಾರೆ, ನಾನು ನಿನ್ನ ಹಿಂದೆ ನಿಂತ ಚೀಲದ ಹಾಗೆ. ಒಂದು ಸಲ ನಿನಗಿಂತ ಮುಂಚೆ ಹೋಗಿ ನೋಡೋಣ ಅನ್ನಿಸಿತು, ಹೋದೆ. ಬೋರ್ಡಿನ ಮಾತು ಬರೆಯೋಕೆ ನಾಚಿಕೆಯಾಯಿತು, ಬಿಟ್ಟೆ. ಇದಕ್ಕೆ ನೀನು ಎಷ್ಟು ಬೇಕಾದರೂ ಬೈ. ನೋಡೋಣ ಅಂದಿದ್ದು ಮಾತ್ರ ಸುಳ್ಳಲ್ಲ, ಅಜ್ಜಿ ಆಣೆ.

ನಾನು ಬೆಳಗಿನ ಹೊತ್ತು ಕೂರ್ತಿದ್ದೀನಿ. ಮೂಗಿನ ಹತ್ತಿರದ ಪುಟ್ಟ ರಬ್ಬರು ಬದಲಿಸೋದು ಬಂತು. ಮೊದಲನೇ ದಿನವೇ ಒಬ್ಬರು ಮೇಷ್ಟರ ಕನ್ನಡಕದ ಮೇಲೆ ಕೂತುಬಿಟ್ಟೆ, ಅದೂ ಅನುಭವವೇ ಅಂದರು ಯಜಮಾನರು. ನಾನು ಎದ್ದು ಹೊರಟಮೇಲೆ ಸ್ಟೂಲು ಖಾಲಿ. ದಿನಾ ಕೇಳ್ತಾರೆ, ನಿಮ್ಮಕ್ಕನ ಕಾಗದ ಬಂತಾ ಅಂತ. ಬರ್ತಾಳೆ ಸಾರ್ ಅಂತೀನಿ. ಯಾವ ಬರ್ತಾಳೆ ಅಂತಾರೆ.

ನೀನು ಬರದಿದ್ದರೆ ನಾನೂ ಆ ಸ್ಟೂಲಿನ ಮೇಲೆ ಕೂರಲ್ಲ. ಹೆದರಿಸ್ತಿಲ್ಲ. ನನಗೆ ಕೂರೋಕೆ ಆಗಲ್ಲ, ಅಷ್ಟೇ.

ಗುಬ್ಬಿ


ಜೂನ್ 16, ಮಂಗಳವಾರ

ಗುಬ್ಬಿ,

ನಿನ್ನ ಎಂಟನೇ ತಾರೀಖಿನ ಕಾಗದ ಶುಕ್ರವಾರವೇ ಬಂದಿತ್ತು. ನಂಬಲಿಲ್ಲ. ಬುದ್ಧಿ ನೆಟ್ಟಗಿರೋ ಯಾವ ಮನುಷ್ಯ ಹೌದು ಅನ್ನೋಕೆ ನೋಡೋಣ ಅಂತಾನೆ, ಗುಬ್ಬಿ ತಪ್ಪಿಸಿಕೊಳ್ಳೋಕೆ ಗೂಡು ಹೆಣೀತಿದ್ದಾಳೆ ಅಂದುಕೊಂಡು ದಿಂಬಿನ ಕೆಳಗೆ ಹಾಕಿದೆ.

ನಿನ್ನೆ ನಿನ್ನ ಎರಡನೆಯದು ಬಂತು. ಅಜ್ಜಿ ಆಣೆ ಅಂದಿದ್ದೀಯ. ನೀನು ಅಜ್ಜಿ ಆಣೆ ಸುಮ್ಮನೆ ಇಡೋಳಲ್ಲ. ತಲೆ ಕೆಟ್ಟುಹೋಯಿತು. ಎದ್ದು ನಡುಮನೆಗೆ ಬಂದೆ. ಅಪ್ಪ ಪೇಪರು ಓದ್ತಿದ್ದರು, ನೀನು ದಾರ ಸುತ್ತಿದ ಅದೇ ಕನ್ನಡಕ. ಅಮ್ಮ ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದಳು. ನಾನು ಹುಟ್ಟಿದಾಗಿಂದ ಈ ಮನೇಲಿ ಯಾರೂ ಕೇಳದ ಪ್ರಶ್ನೆ ಕೇಳಿದೆ. ಅಪ್ಪಾ, ಅವತ್ತು ನೋಡೋಣ ಅಂದಿರಲ್ಲ, ಹಾಗಂದರೆ ಏನು?

ಅಪ್ಪ ಪೇಪರು ಇಳಿಸಿದರು. ಹಾಗಂದರೆ ಏನು ಅಂದರೆ ಏನು ಅಂದರು. ಹೌದು ಅಂತಲೋ ಇಲ್ಲ ಅಂತಲೋ ಅಂದೆ.

"ಓದು ಅಂತ. ಏನೋ ದಾರಿ ನೋಡೋಣ ಅಂತ. ಮತ್ತಿನ್ನೇನು?"

ಗುಬ್ಬಿ, ಟಿ.ಸಿ. ತರೋ ಮಾತು ಅವರ ಮನಸ್ಸಿನಲ್ಲೇ ಇರಲಿಲ್ಲವಂತೆ. ಹಾಗಾದರೆ ನಾನು ಇಲ್ಲಿ ಹತ್ತು ದಿನ ಯಾಕೆ ಅಳ್ತಾ ಕೂತಿದ್ದೆ? ಮಗಳು ಸುಸ್ತಾಗಿ ಬಂದಿದ್ದಾಳೆ, ನಾಲ್ಕು ದಿನ ಇದ್ದು ಹೋಗ್ತಾಳೆ ಅಂತ ಅವರು ಸುಮ್ಮನಿದ್ದರಂತೆ. ಕನ್ನಡಕದ ಅಂಗಡಿ ವಿಷಯ ಹೇಳಿದೆ. ಅರ್ಧ ದಿನದ ಕೆಲಸವಾ, ಒಳ್ಳೇದಾಯ್ತಲ್ಲ, ನನ್ನ ಈ ಕಡ್ಡೀನೂ ಸರಿ ಮಾಡಿಸು ಅಂದರು. ನೀನು ಬರೆದದ್ದೆಲ್ಲ ನಿಜ ಅಂತ ನನಗೆ ಆಗ ಗೊತ್ತಾಯಿತು. ಸುಳ್ಳಿ ಅಂದಿದ್ದಕ್ಕೆ ನನ್ನ ಕ್ಷಮಿಸು. ಬೋರ್ಡಿಗೆ ಮಾತ್ರ ಬಂದಮೇಲೆ ಕಿವಿ ಹಿಂಡ್ತೀನಿ, ಅದು ಬಾಕಿ.

ಕಾಗದ ಇಲ್ಲಿಗೇ ಮುಗೀಬೇಕಿತ್ತು. ಅಷ್ಟರಲ್ಲಿ ಈಳಿಗೆ ಸದ್ದು ನಿಂತಿದ್ದು ಗಮನಕ್ಕೆ ಬಂತು. ತಿರುಗಿ ನೋಡಿದರೆ ಅಮ್ಮ ಕೈಯಲ್ಲಿ ಅರ್ಧ ಹೆಚ್ಚಿದ ಬದನೇಕಾಯಿ ಹಿಡಿದುಕೊಂಡು ಅಪ್ಪನನ್ನೇ ನೋಡ್ತಿದ್ದಾಳೆ. ಅಂಥ ಮುಖ ನಾನು ನೋಡಿರಲಿಲ್ಲ. ಮೆಲ್ಲಗೆ ಕೇಳಿದಳು:

"ನನ್ನ ತಂಗಿ ಮನೆಗೆ ಹೋಗಿಬರಲಾ ಅಂತ ಕೇಳಿದಾಗೆಲ್ಲ ನೀವು ನೋಡೋಣ ಅಂದಿರಲ್ಲ."

"ಹೂಂ. ಹೋಗಿ ಬಾ ಅಂತಲೇ. ನೀನೇ ಹೊರಡಲಿಲ್ಲ. ಅಕ್ಕತಂಗಿಗೆ ಏನೋ ಮುನಿಸಿರಬೇಕು, ನಾನ್ಯಾಕೆ ಕೆದಕಲಿ ಅಂತ ಬಿಟ್ಟೆ."

ಚಿಕ್ಕಮ್ಮನ ಮದುವೆಯಾದಾಗಿಂದ ಅಮ್ಮ ಕೇಳಿದ್ದಾಳೆ ಗುಬ್ಬಿ. ನೀನು ಹುಟ್ಟಿದಾಗ ಕೇಳಿದ್ದಾಳೆ. ಚಿಕ್ಕಮ್ಮ ಕಾಯಿಲೆ ಬಿದ್ದಾಗ ಕೇಳಿದ್ದಾಳೆ. ಒಂದೊಂದು ಸಲವೂ ಇಲ್ಲ ಅಂದರು ಅಂದುಕೊಂಡು ಒಳಗೆ ಹೋಗಿ ಒಲೆ ಹಚ್ಚಿದ್ದಾಳೆ. ಅಪ್ಪನ ಕೈಯಿಂದ ಪೇಪರು ಜಾರಿತು, ಎತ್ತಿಕೊಳ್ಳಲಿಲ್ಲ. ಮತ್ತೊಂದು ಸಲ ಕೇಳಬಾರದಿತ್ತಾ ಅಂದರು. ನೀವು ಮತ್ತೊಂದು ಪದ ಹೇಳಬಾರದಿತ್ತಾ ಅಂದಳು ಅಮ್ಮ. ನಿನ್ನೆ ರಾತ್ರಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಇವತ್ತು ಬೆಳಿಗ್ಗೆ ಎದ್ದರೆ ಅಮ್ಮ ಅಟ್ಟದಿಂದ ಟ್ರಂಕು ಇಳಿಸಿ ಧೂಳು ಒರೆಸ್ತಿದ್ದಾಳೆ. ಅಪ್ಪ ಟಿಕೆಟ್ಟು ತರೋಕೆ ಹೋಗಿದ್ದಾರೆ. ಯಾರೂ ಹೇಳಿರಲಿಲ್ಲ.

ಭಾನುವಾರ ಸಂಜೆ ಬಸ್ಸಿಗೆ ಬಸ್ ಸ್ಟ್ಯಾಂಡಿಗೆ ಬಾ. ನಿನ್ನ ಯಜಮಾನರಿಗೆ ಹೇಳು, ಇದು ಬರ್ತೀನಿ ಅನ್ನೋ ಬರ್ತೀನಿ, ಇನ್ನೊಂದಲ್ಲ. ಕೂಲಿಯವರಿಗೆ ಮೊದಲೇ ಹೇಳಿಡು, ಟ್ರಂಕು ಭಾರ ಇದೆ. ನನ್ನದಲ್ಲ, ಅಮ್ಮನದು. ನನ್ನನ್ನ ಕೋಣೇಲಿ ಬಿಟ್ಟು ಮುಂದಿನ ಬಸ್ಸಿಗೆ ಚಿಕ್ಕಮ್ಮನ ಮನೆಗೆ ಹೊರಡ್ತಾಳಂತೆ. ಎಷ್ಟು ದಿನಕ್ಕಮ್ಮಾ ಅಂದೆ.

ನೋಡೋಣ ಅಂದಳು.

ಅಕ್ಕ